ಹ್ಯಾಂಬರ್ಗರ್ ಲೇಡಿ: ಜೋರಾಗಿಯೂ ಇಲ್ಲದ ಈ ಹಾಡು ಯಾಕಿಷ್ಟು ಹೆದರಿಸುತ್ತದೆ?

ನಡುರಾತ್ರಿ ಕೇಳುಗ

ಥ್ರಾಬಿಂಗ್ ಗ್ರಿಸಲ್ ಬ್ಯಾಂಡಿನ ಹ್ಯಾಂಬರ್ಗರ್ ಲೇಡಿ ಕೇಳಿದವರು ಇಲ್ಲಿ ಯಾರಾದರೂ ಇದ್ದೀರಾ? ಇದ್ದರೆ ಸ್ವಲ್ಪ ಮಾತಾಡಿ. ನನ್ನ ಗೆಳೆಯರಿಗೆ ಕೇಳಿಸಿದರೆ ಎದ್ದು ಹೋಗುತ್ತಾರೆ, ಇಲ್ಲಾ ನನ್ನನ್ನೇ ಒಂಥರಾ ನೋಡುತ್ತಾರೆ.

ನನ್ನದು ನಾಜೂಕು ಕಿವಿಯೇನಲ್ಲ. ಡೆತ್ ಮೆಟಲ್ ಕೇಳುತ್ತೇನೆ, ಬರೀ ಗದ್ದಲದಿಂದಲೇ ಮಾಡುವ ನಾಯ್ಸ್ ಸಂಗೀತ ಕೇಳುತ್ತೇನೆ, ಗಂಟಲು ಹರಿಯುವ ಹಾಗೆ ಕಿರುಚುವವರನ್ನು ಹಾಕಿಕೊಂಡೇ ಕೆಲಸ ಮಾಡುತ್ತೇನೆ. ಯಾವುದೂ ನನ್ನನ್ನು ಅಲ್ಲಾಡಿಸಿಲ್ಲ. ಇದರಲ್ಲಿ ನೋಡಿದರೆ ಕಿರುಚಾಟವೇ ಇಲ್ಲ. ಕೆಳಗೆ ಮಂದವಾಗಿ ಏನೋ ಬಡಿದುಕೊಳ್ಳುತ್ತಾ ಇರುತ್ತದೆ, ಮೇಲೆ ಒಂದು ಕೀರಲು ಸದ್ದು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ನಡುವೆ ಒಬ್ಬ ಯಾವುದೋ ವರದಿ ಓದುವ ಹಾಗೆ ಸಪ್ಪೆಯಾಗಿ ಮಾತಾಡುತ್ತಾನೆ. ಆ ದನಿ ಎಷ್ಟು ನಡುಗುತ್ತದೆ ಅಂದರೆ ಅರ್ಧ ಮಾತು ಕಿವಿಗೆ ಸಿಗುತ್ತದೆ, ಇನ್ನರ್ಧ ಹಾಗೇ ಕರಗಿ ಹೋಗುತ್ತದೆ. ನಾಲ್ಕು ನಿಮಿಷದ ಆಸುಪಾಸು, ಅಷ್ಟೇ. ಮುಗಿದ ಮೇಲೆ ಹೆಡ್‌ಫೋನ್ ತೆಗೆದಿಟ್ಟು ಸುಮ್ನೆ ಕೂತಿದ್ದೆ, ಬೇರೆ ಏನನ್ನಾದರೂ ಹಾಕಿಕೊಳ್ಳೋಣ ಅಂತಲೂ ಅನಿಸಲಿಲ್ಲ.

ಹಾಡು ಯಾವುದರ ಬಗ್ಗೆ ಅಂತ ನನಗೆ ಆಗ ಗೊತ್ತಿರಲಿಲ್ಲ, ಆಮೇಲೆ ಓದಿ ತಿಳಿದುಕೊಂಡೆ. ಹಾಗಾಗಿ ಕಥೆ ಗೊತ್ತಿದ್ದು ಹೆದರಿದೆ ಅಂತ ಹೇಳುವ ಹಾಗಿಲ್ಲ. ಸದ್ದಿನಲ್ಲೇ ಏನೋ ಇದೆ. ಏನದು? ಇನ್ನೊಂದು ಪ್ರಶ್ನೆಯೂ ಇದೆ, ಕೇಳಲು ಸ್ವಲ್ಪ ಮುಜುಗರ. ಇದು ನನಗೆ ಇಷ್ಟವೂ ಆಗಿದೆ. ಇಂಥದ್ದು ಇಷ್ಟವಾಗುವುದು ಸರಿಯಾ?

---

ಹಳೇ ಕ್ಯಾಸೆಟ್

ಸ್ವಾಗತ. ಈ ಹಾಡು ಕೇಳಿದ ಎಲ್ಲರೂ ಒಂದಲ್ಲ ಒಂದು ದಿನ ಇದೇ ಪ್ರಶ್ನೆ ಕೇಳುತ್ತಾರೆ.

ಹಿನ್ನೆಲೆ ಗೊತ್ತಿಲ್ಲದವರಿಗಾಗಿ ಚುಟುಕಾಗಿ ಹೇಳಿಬಿಡುತ್ತೇನೆ. ಹಾಡು ಇರುವುದು 1978ರ ಡಿ.ಒ.ಎ. ಆಲ್ಬಮ್ಮಿನಲ್ಲಿ. ಬ್ಯಾಂಡಿನಲ್ಲಿ ನಾಲ್ಕು ಜನ: ಜೆನೆಸಿಸ್ ಪಿ-ಆರಿಡ್ಜ್, ಕೋಸಿ ಫಾನಿ ಟುಟಿ, ಕ್ರಿಸ್ ಕಾರ್ಟರ್, ಪೀಟರ್ ಕ್ರಿಸ್ಟೊಫರ್ಸನ್. ಇಂಡಸ್ಟ್ರಿಯಲ್ ಸಂಗೀತ ಅನ್ನುವ ಹೆಸರು ಬಂದಿದ್ದೇ ಇವರಿಂದ. 1976ರಲ್ಲಿ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಅಂತ ಸ್ವಂತ ಲೇಬಲ್ ಶುರು ಮಾಡಿದರು, ಆಮೇಲೆ ಆ ಥರದ ಸಂಗೀತಕ್ಕೆಲ್ಲ ಅದೇ ಹೆಸರು ಅಂಟಿಕೊಂಡಿತು. ಲಂಡನ್ನಿನ ಹ್ಯಾಕ್ನಿಯಲ್ಲಿದ್ದ ತಮ್ಮ ಸ್ಟುಡಿಯೋಗೆ ಡೆತ್ ಫ್ಯಾಕ್ಟರಿ ಅಂತ ಹೆಸರಿಟ್ಟಿದ್ದರು. ಅದೇ ವರ್ಷ ಲಂಡನ್ನಿನ ಐಸಿಎ ಗ್ಯಾಲರಿಯಲ್ಲಿ ಇವರು ಮಾಡಿದ ಪ್ರದರ್ಶನ ನೋಡಿ ಒಬ್ಬ ಸಂಸದರು ಇವರನ್ನು ನಾಗರಿಕತೆಯನ್ನೇ ಹಾಳುಗೆಡವುವವರು ಅಂತ ಕರೆದರು. ಇವರಿಗೆ ಅದು ಬೈಗುಳ ಅನಿಸಲೇ ಇಲ್ಲ ಅನ್ನಿ, ಒಳ್ಳೇ ಪ್ರಚಾರ ಸಿಕ್ಕಿತು.

ಈಗ ಹಾಡಿನ ಮಾತುಗಳು. ಅದು ಇವರು ಕೂತು ಬರೆದ ಸಾಹಿತ್ಯವಲ್ಲ. ಬ್ಲಾಸ್ಟರ್ ಆಲ್ ಆಕರ್ಮನ್ ಅಂತ ಒಬ್ಬ ಅಮೆರಿಕನ್ ಬರಹಗಾರ ಇದ್ದ, ಅಂಚೆಯಲ್ಲೇ ಕಲೆ ಕಳಿಸಿಕೊಳ್ಳುವ ಮೇಲ್ ಆರ್ಟ್ ಬಳಗದವನು. ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಕಂಡದ್ದರ ಬಗ್ಗೆ ಅವನು ಬರೆದ ಪತ್ರದಿಂದ ಎತ್ತಿಕೊಂಡ ಮಾತುಗಳವು. ಸೊಂಟದಿಂದ ಮೇಲೆ ಸುಟ್ಟುಹೋದ ಒಬ್ಬ ಹೆಂಗಸು. ವಾರ್ಡಿನವರು ಅವಳಿಗೆ ಇಟ್ಟ ಅಡ್ಡಹೆಸರೇ ಹಾಡಿನ ಹೆಸರು. ಪತ್ರವನ್ನು ಪತ್ರದ ಥರವೇ ಓದಿದ್ದಾರೆ, ರಾಗ ಹಾಕಲು ಹೋಗಿಲ್ಲ, ಅಳುವ ಕಡೆ ಅತ್ತಿಲ್ಲ.

ನನ್ನ ಮಟ್ಟಿಗೆ ಹೆದರಿಕೆ ಇರುವುದು ಅಲ್ಲೇ. ಮಾಮೂಲಿ ಹಾಡು ನಮಗೆ ಇಲ್ಲಿ ದುಃಖ ಪಡು, ಇಲ್ಲಿ ಬೆಚ್ಚಿಬೀಳು ಅಂತ ಹೇಳಿಕೊಡುತ್ತದೆ. ಇದು ಏನನ್ನೂ ಹೇಳಿಕೊಡುವುದಿಲ್ಲ, ಎಲ್ಲ ನಮ್ಮ ತಲೆಗೇ ಬಿಟ್ಟಿದ್ದು.

---

ಸುಮ್ನೆ ಬಂದೆ

ಬೇಜಾರು ಮಾಡಿಕೊಳ್ಳಬೇಡಿ, ನಾನು ಎರಡು ನಿಮಿಷ ಕೇಳಿ ನಿಲ್ಲಿಸಿದೆ. ಹೆದರಿಕೆಯಿಂದ ಅಲ್ಲ, ಬೋರಾಗಿ. ಹಳೇ ಫ್ರಿಜ್ ಪಕ್ಕ ಯಾರೋ ಕೂತು ಗೊಣಗುವ ಹಾಗಿದೆ. ಶ್ರುತಿ ಇಲ್ಲ, ತಾಳ ಇಲ್ಲ, ಎಲ್ಲಿಗೂ ಹೋಗುವುದೇ ಇಲ್ಲ.

ಸುಟ್ಟ ಹೆಂಗಸಿನ ಕಥೆ ತೆಗೆದುಬಿಡಿ, ಬರೀ ಸದ್ದು ಕೇಳಿಸಿ, ಎಷ್ಟು ಜನ ಹೆದರುತ್ತಾರೆ ಹೇಳಿ? ಮೊದಲೇ ಭಯಂಕರ ಹಾಡು ಭಯಂಕರ ಹಾಡು ಅಂತ ಹತ್ತು ಜನ ಹೇಳಿ ಕೂರಿಸಿರುತ್ತಾರೆ, ಕತ್ತಲೆ ಮಾಡಿಕೊಂಡು ಹೆಡ್‌ಫೋನ್ ಬೇರೆ ಹಾಕಿಕೊಂಡಿರುತ್ತೀರಿ, ಆಗ ಏನು ಕೇಳಿದರೂ ಹೆದರಿಕೆಯೇ. ಕೇಳಿದವರು ತಮ್ಮ ಧೈರ್ಯ ತೋರಿಸಲು ಮಾಡುವ ದೊಡ್ಡಸ್ತಿಕೆ ಇದು ಅಂತ ನನ್ನ ಅಭಿಪ್ರಾಯ. ಈಗ ಬೈಯಿರಿ.

---

ತಂತಿ ಬೆಸುಗೆ

ಬೈಯಲ್ಲ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಮೊದಲು ಪ್ರಶ್ನೆ ಹಾಕಿದವರು ಕಥೆ ಗೊತ್ತಿಲ್ಲದೇ ಹಾಡು ಕೇಳಿದೆ ಅಂತ ಮೊದಲೇ ಬರೆದಿದ್ದಾರಲ್ಲ.

ನಾನು ಗಿಟಾರಿನಂಥ ವಾದ್ಯದ ಸದ್ದನ್ನು ಬದಲಾಯಿಸುವ ಎಫೆಕ್ಟ್ ಪೆಡಲ್ ಕಟ್ಟುವವನು, ಹಾಗಾಗಿ ಸದ್ದಿನ ಕಡೆಯಿಂದ ಹೇಳುತ್ತೇನೆ. ಕ್ರಿಸ್ ಕಾರ್ಟರ್ ಈ ಬ್ಯಾಂಡಿಗಾಗಿ ಒಂದು ಪೆಟ್ಟಿಗೆ ಮಾಡಿದ್ದರು, ಗ್ರಿಸಲೈಸರ್ ಅಂತ ಅದರ ಹೆಸರು. ಅದರ ಮೂಲ ಪ್ರಾಕ್ಟಿಕಲ್ ಎಲೆಕ್ಟ್ರಾನಿಕ್ಸ್ ಪತ್ರಿಕೆಯಲ್ಲಿ ರಾಯ್ ಗ್ವಿನ್ ಅನ್ನುವವರು ಕೊಟ್ಟಿದ್ದ ಗಿಟಾರ್ ಎಫೆಕ್ಟಿನ ಸರ್ಕ್ಯೂಟ್. ಯಾರು ಬೇಕಾದರೂ ಮನೆಯಲ್ಲಿ ಕಟ್ಟಿಕೊಳ್ಳಬಹುದಾದಂಥದ್ದು. ಒಳಗೆ ಒಂದು ಆಸಿಲೇಟರ್, ಅಂದರೆ ಒಂದೇ ಸಮ ಏರಿಳಿಯುವ ವಿದ್ಯುತ್ ಅಲೆ ಹುಟ್ಟಿಸುವ ಭಾಗ, ಇರುತ್ತದೆ, ಅದು ಒಳಬರುವ ಸದ್ದಿನ ಜೋರನ್ನೋ ಸದ್ದನ್ನು ಸೋಸುವ ಫಿಲ್ಟರನ್ನೋ ಏರಿಸಿ ಇಳಿಸುತ್ತಾ ಇರುತ್ತದೆ. ನಿಧಾನಕ್ಕೆ ತಿರುಗಿಸಿದರೆ ಸದ್ದು ಅಲೆ ಅಲೆಯಾಗಿ ಬರುತ್ತದೆ. ವೇಗ ಏರಿಸುತ್ತಾ ಹೋದರೆ ಸೆಕೆಂಡಿಗೆ ಇಪ್ಪತ್ತು ಸಲ ದಾಟುವ ಹೊತ್ತಿಗೆ ಒಂದೊಂದು ಅಲೆಯನ್ನು ಬೇರೆ ಬೇರೆಯಾಗಿ ಕೇಳಲು ಕಿವಿಗೆ ಆಗುವುದಿಲ್ಲ, ಎಲ್ಲ ಸೇರಿ ಒಂದು ಒರಟುತನ ಆಗಿಬಿಡುತ್ತದೆ. ಉಜ್ಜಿದ ಹಾಗೆ, ಗೀರಿದ ಹಾಗೆ.

ಈ ಒರಟುತನ ನಮ್ಮ ಮಿದುಳಿಗೆ ಸುಮ್ನೆ ಒಂದು ಸದ್ದಲ್ಲ. ಮನುಷ್ಯ ಪ್ರಾಣಭಯದಿಂದ ಕಿರುಚುವಾಗ ದನಿಯ ಜೋರು ಸೆಕೆಂಡಿಗೆ 30ರಿಂದ 150 ಸಲ ಏರಿಳಿಯುತ್ತದೆ ಅಂತ 2015ರಲ್ಲಿ ಒಂದು ಅಧ್ಯಯನ ತೋರಿಸಿತು. ಮಾಮೂಲಿ ಮಾತಿನಲ್ಲಿ ಅಷ್ಟು ವೇಗದ ಏರಿಳಿತ ಹೆಚ್ಚುಕಡಿಮೆ ಇರುವುದೇ ಇಲ್ಲ. ಅಲಾರಂಗಳಲ್ಲಿ ಮಾತ್ರ ಅದೇ ಒರಟು ಕಾಣುತ್ತದೆ. ಕೇಳುವವರ ಮಿದುಳನ್ನು ಸ್ಕ್ಯಾನ್ ಮಾಡಿದಾಗ ಒರಟು ಜಾಸ್ತಿ ಇದ್ದಷ್ಟೂ ಅಮಿಗ್ಡಲಾ, ಅಂದರೆ ಅಪಾಯ ಗುರುತಿಸುವ ಭಾಗ, ಜಾಸ್ತಿ ಚುರುಕಾಯಿತು.

ಈಗ ಈ ಹಾಡಿಗೆ ಬನ್ನಿ. ಓದುವವನ ದನಿಯಲ್ಲಿ ಭಾವನೆ ಏನೂ ಇಲ್ಲ, ಸರಿ. ಆದರೆ ಆ ದನಿಯ ಮೇಲೆ ಯಂತ್ರದ ನಡುಕ ಕೂತಿದೆ. ಮಾತಾಡುವವನು ನೆಮ್ಮದಿಯಾಗಿದ್ದಾನೆ ಅಂತ ಒಂದು ಕಿವಿ ಹೇಳುತ್ತದೆ, ಯಾರೋ ಒದ್ದಾಡುತ್ತಿದ್ದಾರೆ ಅಂತ ಇನ್ನೊಂದು ಕಿವಿ. ಎರಡೂ ಒಂದೇ ಬಾಯಿಂದ ಬರುತ್ತಿದೆ. ಡೆತ್ ಮೆಟಲ್‌ನಲ್ಲಿ ಈ ಗೊಂದಲ ಇಲ್ಲ ನೋಡಿ, ಅಲ್ಲಿ ಕೋಪ ಅಂದರೆ ಕೋಪವೇ, ನಾವೂ ಅವರ ಜೊತೆ ತಲೆ ಆಡಿಸುತ್ತೇವೆ.

ಮೇಲಿನ ಕೀರಲು ಸದ್ದನ್ನೂ ಗಮನಿಸಿ. ಅದು ಏರುವಾಗ ಇನ್ನೇನು ಎಲ್ಲೋ ಹೋಗಿ ನಿಲ್ಲುತ್ತದೆ ಅಂತ ಕಾಯುತ್ತೇವೆ. ನಿಲ್ಲುವುದಿಲ್ಲ. ಎಲ್ಲಿಗೂ ಹೋಗಲ್ಲ ಅಂತ ನೀವು ಬೋರಾದಿರಿ, ನಾನು ಅದೇ ಕಾರಣಕ್ಕೆ ಬೆವರಿದೆ. ಅದು ರುಚಿಯ ವಿಷಯ, ಜಗಳ ಬೇಡ.

---

ಸುಮ್ನೆ ಬಂದೆ

ಅಮಿಗ್ಡಲಾ ಬಂದಮೇಲೆ ನಾನೇನು ಹೇಳಲಿ ಮಾರಾಯ್ರೆ. ಆದರೂ ಒಂದು ಮಾತು. ಒರಟು ಸದ್ದೇ ಹೆದರಿಸುವುದಾದರೆ ಡ್ರಿಲ್ಲಿಂಗ್ ಮಷೀನ್ ಕೂಡ ಮಹಾನ್ ಸಂಗೀತ ಆಗಬೇಕಲ್ಲ?

---

ತಂತಿ ಬೆಸುಗೆ

ಅದನ್ನೂ ಮಾಡಿದ್ದಾರೆ! ಐನ್‌ಶ್ಟುರ್ಟ್ಸೆಂಡೆ ನಾಯ್‌ಬೌಟನ್ ಅಂತ ಪಶ್ಚಿಮ ಬರ್ಲಿನ್ನಿನಲ್ಲಿ 1980ರಲ್ಲಿ ಶುರುವಾದ ಗುಂಪು, ತಗಡು, ಕಬ್ಬಿಣ, ಡ್ರಿಲ್ ಇವೇ ಅವರ ವಾದ್ಯ. ಹೆಸರು ಹೇಳುವಷ್ಟರಲ್ಲಿ ಹಾಡೇ ಮುಗಿದಿರುತ್ತದೆ, ಅದು ಬೇರೆ ಮಾತು. ಅದಕ್ಕೂ ಮುಂಚೆ, 1913ರಲ್ಲೇ, ಲುಯಿಜಿ ರುಸೊಲೊ ಅನ್ನುವ ಇಟಲಿಯ ಚಿತ್ರಕಾರ ಇನ್ನು ಮುಂದೆ ಯಂತ್ರಗಳ ಗದ್ದಲವೇ ಸಂಗೀತ ಆಗಬೇಕು ಅಂತ ಪ್ರಣಾಳಿಕೆ ಬರೆದು, ಗದ್ದಲ ಮಾಡುವ ಪೆಟ್ಟಿಗೆಗಳನ್ನೂ ಕಟ್ಟಿದ್ದ.

ಆದರೆ ನಿಮ್ಮ ಮಾತು ಒಪ್ಪುತ್ತೇನೆ, ಒರಟು ಸದ್ದು ಒಂದೇ ಸಾಲದು. ಡ್ರಿಲ್ ಯಾಕೆ ಹೆದರಿಸುವುದಿಲ್ಲ ಅಂದರೆ ಅದು ಡ್ರಿಲ್ ಅಂತ ಗೊತ್ತು. ಈ ಹಾಡಿನಲ್ಲಿ ಯಾವ ಸದ್ದು ಎಲ್ಲಿಂದ ಬಂತು ಅಂತ ಹೇಳಲು ಆಗುವುದಿಲ್ಲ. ಸಿಂಥಸೈಜರಾ, ಗಿಟಾರಾ, ಬಾಯಾ? ಎಫೆಕ್ಟ್ ಕಟ್ಟುವ ನನಗೇ ಗೊತ್ತಾಗುವುದಿಲ್ಲ.

---

ರಾತ್ರಿಪಾಳಿ

ಇಲ್ಲಿ ಓದುತ್ತೇನೆ, ಬರೆಯುವುದು ಕಡಿಮೆ. ಇದಕ್ಕೆ ಬರೆಯಲೇಬೇಕು ಅನಿಸಿತು. ನಾನು ನರ್ಸ್, ಕೆಲವು ವರ್ಷ ಸುಟ್ಟಗಾಯದ ವಾರ್ಡಿನಲ್ಲಿದ್ದೆ. (ನಾಜೂಕು ಮನಸ್ಸಿನವರು ಮುಂದಿನ ಎರಡು ಪ್ಯಾರಾ ಬಿಟ್ಟು ಓದಿ.)

ಸೊಂಟದಿಂದ ಮೇಲೆ ಅಂದರೆ ಎಷ್ಟು ಅಂತ ನಿಮಗೆ ಅಂದಾಜು ಇದೆಯಾ? ಸುಟ್ಟ ಭಾಗ ಲೆಕ್ಕ ಹಾಕಲು ನಾವು ಒಂಬತ್ತರ ಲೆಕ್ಕ ಬಳಸುತ್ತೇವೆ. ದೊಡ್ಡವರಲ್ಲಿ ತಲೆ ಕುತ್ತಿಗೆ ಸೇರಿ 9 ಪರ್ಸೆಂಟ್, ಒಂದೊಂದು ತೋಳಿಗೆ 9, ಮುಂಡದ ಮುಂಭಾಗ 18, ಬೆನ್ನಿನ ಕಡೆ 18. ಕೂಡಿಸಿ ನೋಡಿ. ಸೊಂಟದ ಕೆಳಗಿನದ್ದನ್ನು ಸ್ವಲ್ಪ ಕಳೆದರೂ ಅರ್ಧ ದೇಹಕ್ಕಿಂತ ಜಾಸ್ತಿ. ಜೊತೆಗೆ ಮುಖ, ಜೊತೆಗೆ ಉಸಿರಾಟದ ದಾರಿ. 1970ರ ದಶಕದಲ್ಲಿ ಅಂಥವರನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟ ಇತ್ತು ಅಂತ ನಮ್ಮ ಹಿರಿಯ ಸಿಸ್ಟರ್‌ಗಳು ಹೇಳುತ್ತಿದ್ದರು.

ಡ್ರೆಸಿಂಗ್ ಬದಲಿಸುವ ಮುಂಚೆ ನೋವಿನ ಔಷಧಿ ಕೊಟ್ಟು ಅದು ಹಿಡಿಯುವವರೆಗೆ ಕಾಯಬೇಕು. ಗಾಯಕ್ಕೆ ಅಂಟಿದ ಗಾಜ್ ಬಟ್ಟೆಯ ಮೇಲೆ ಸಲೈನ್ ಸುರಿದು ನೆನೆಸಿ, ಅಂಚಿನಿಂದ ಚೂರು ಚೂರೇ ಬಿಡಿಸಬೇಕು. ಚರ್ಮ ಇಲ್ಲದ ದೇಹಕ್ಕೆ ಬಿಸಿ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ, ಅದಕ್ಕೆ ಕೋಣೆಯನ್ನು ಬೆಚ್ಚಗೆ ಇಟ್ಟಿರುತ್ತಾರೆ. ಗೌನು, ಮಾಸ್ಕ್, ಕ್ಯಾಪ್ ಹಾಕಿಕೊಂಡು ನಾವು ಒಳಗೇ ಬೇಯುತ್ತಿರುತ್ತೇವೆ. ಆಗ ನಮ್ಮ ಬಾಯಿಂದ ಬರುವ ಮಾತು ಹೇಗಿರುತ್ತದೆ ಗೊತ್ತಾ? ಈ ಹಾಡಿನಲ್ಲಿ ಇರುವ ಹಾಗೇ. ಬಲಗೈ ಇಷ್ಟು, ಕಿವಿ ಹೀಗಿದೆ, ಟ್ಯೂಬ್ ಸರಿ ಇದೆ, ಇವತ್ತು ಇಷ್ಟು ಕುಡಿದರು. ಪಾಳಿ ಬದಲಾಗುವಾಗ ಮುಂದಿನವರಿಗೆ ಇದನ್ನೇ ಒಪ್ಪಿಸುತ್ತೇವೆ. ದನಿ ಏರಿದರೆ ಕೈ ನಡುಗುತ್ತದೆ, ಕೈ ನಡುಗಿದರೆ ಅವರಿಗೆ ನೋವಾಗುತ್ತದೆ.

ಹಾಗಾಗಿ ಓದುವವನ ದನಿ ನಿರ್ಭಾವ, ಕ್ರೂರ ಅಂತ ಜನ ಬರೆಯುವಾಗ ನನಗೆ ಹಾಗೆ ಅನಿಸುವುದಿಲ್ಲ. ನನಗೆ ಅದು ತೀರಾ ಪರಿಚಯದ ದನಿ. ಸುತ್ತಲಿನ ಸದ್ದೂ ಅಷ್ಟೇ. ವೆಂಟಿಲೇಟರ್, ಸಕ್ಷನ್ ಪಂಪ್, ಪಕ್ಕದ ಹಾಸಿಗೆಯ ಮಾನಿಟರ್. ರಾತ್ರಿ ಮೂರು ಗಂಟೆ ಹೊತ್ತಿಗೆ ಅವೆಲ್ಲ ಸೇರಿ ಒಂದೇ ಸದ್ದಾಗಿ ಕೇಳಿಸುತ್ತದೆ. ಈ ಹಾಡು ಮಾಡಿದವರು ಬರೀ ಆ ಹೆಂಗಸಿನ ನೋವನ್ನು ಮಾತ್ರ ಹಿಡಿದಿದ್ದಾರೆ ಅನ್ನುತ್ತಾರೆ. ಅವಳನ್ನು ದಿನಾ ನೋಡಿಕೊಳ್ಳಬೇಕಾದವರ ಹೆದರಿಕೆಯೂ ಅದರಲ್ಲಿದೆ. ಅಡ್ಡಹೆಸರು ಹುಟ್ಟುವುದೂ ಆ ಹೆದರಿಕೆಯಿಂದಲೇ. ಅದು ಸರಿ ಅಂತ ನಾನು ಹೇಳುತ್ತಿಲ್ಲ.

ಕೇಳುವುದಕ್ಕೆ ನನಗೆ ಇಷ್ಟವಿಲ್ಲ, ಒಂದೇ ಸಲ ಕೇಳಿದ್ದು. ಕೆಟ್ಟ ಹಾಡು ಅಂತ ಮಾತ್ರ ಹೇಳಲಾರೆ.

---

ಬಿಳಿ ಗದ್ದಲ

ರಾತ್ರಿಪಾಳಿ ಅವರ ಮಾತಿಗೆ ಕೈಮುಗಿದೇ ಹೇಳುತ್ತೇನೆ, ನನಗೆ ಈ ಹಾಡಿನ ಮೇಲೆ ಕೋಪ ಇದೆ.

ಆ ಹೆಂಗಸು ಯಾರು? ಹೆಸರಿಲ್ಲ. ಅವಳನ್ನು ಯಾರಾದರೂ ಕೇಳಿದರಾ? ವಾರ್ಡಿನವರು ಒಳಗೊಳಗೇ ಆಡಿಕೊಂಡ ಹೆಸರು ಪತ್ರದಲ್ಲಿ ಸಮುದ್ರ ದಾಟಿ ಲಂಡನ್ನಿಗೆ ಬಂತು, ಅಲ್ಲಿ ನಾಲ್ಕು ಜನ ಕಲಾವಿದರು ಅದನ್ನು ರೆಕಾರ್ಡ್ ಮಾಡಿ ಮಾರಿದರು, ನಾವು ಇಷ್ಟು ವರ್ಷ ಆದಮೇಲೂ ಎಂಥಾ ಅದ್ಭುತ ಒರಟುತನ ಅಂತ ಸರ್ಕ್ಯೂಟ್ ಬಗ್ಗೆ ಮಾತಾಡುತ್ತಿದ್ದೇವೆ. ಅವಳಿಗೆ ಸಿಕ್ಕಿದ್ದು ಏನು? ಮಾಂಸದ ತಿಂಡಿಯ ಹೆಸರು.

ಅದೂ ಅಲ್ಲದೆ ಇವರ ಒಟ್ಟು ಚಾಳಿಯನ್ನೇ ನೋಡಿ. ಲೇಬಲ್ಲಿನ ಲಾಂಛನಕ್ಕೆ ನಾಜಿಗಳ ಸಾವಿನ ಶಿಬಿರ ಔಷ್ವಿಟ್ಸ್‌ನ ಚಿತಾಗಾರದ ಫೋಟೋ ಹಾಕಿಕೊಂಡವರು ಇವರು. ಅದನ್ನು ಕೆಲವರು ಆಧುನಿಕ ಕಾರ್ಖಾನೆ ಯುಗದ ಟೀಕೆ ಅಂತ ಸಮರ್ಥಿಸುತ್ತಾರೆ. ಇರಬಹುದು. ಆದರೆ ಬೇರೆಯವರ ಸಾವನ್ನು ಅಲಂಕಾರ ಮಾಡಿಕೊಂಡು ಆಮೇಲೆ ಟೀಕೆ ಅನ್ನುವುದು ತುಂಬಾ ಸುಲಭ. ಬೀಭತ್ಸವೂ ಒಂದು ರಸವೇ, ನಿಜ, ಆದರೆ ನಾಟಕದಲ್ಲಿ ಸತ್ತವನು ಪರದೆ ಬಿದ್ದ ಮೇಲೆ ಎದ್ದು ಮನೆಗೆ ಹೋಗುತ್ತಾನೆ.

---

ಹಳೇ ಕ್ಯಾಸೆಟ್

ಲಾಂಛನದ ವಿಷಯದಲ್ಲಿ ನಿಮ್ಮ ಜೊತೆ ನಾನೂ ಇದ್ದೇನೆ. ಅದನ್ನು ಎಷ್ಟು ವಿವರಿಸಿದರೂ ನನಗೆ ಗಂಟಲಲ್ಲಿ ಇಳಿಯುವುದಿಲ್ಲ.

ಆದರೆ ಈ ಹಾಡನ್ನು ಅದೇ ಸಾಲಿಗೆ ಸೇರಿಸಲು ಮನಸ್ಸಾಗುವುದಿಲ್ಲ. ಲಾಂಛನ ಕಂಡವರನ್ನು ಬೆಚ್ಚಿಬೀಳಿಸಲು ಮಾಡಿದ್ದು, ನೋಡಿದ ಕೂಡಲೇ ಕೆಲಸ ಮುಗಿಯಿತು. ಹಾಡು ಹಾಗಲ್ಲ, ಅದರಲ್ಲಿ ಮೋಜು ಅನ್ನುವುದು ಒಂದು ಸೆಕೆಂಡೂ ಇಲ್ಲ. ಅದೇ ಆಲ್ಬಮ್ಮಿನಲ್ಲಿ ಇವರಿಗೆ ಬಂದ ಕೊಲೆ ಬೆದರಿಕೆಯ ಫೋನ್ ಸಂದೇಶಗಳನ್ನೇ ಒಂದು ಟ್ರ್ಯಾಕ್ ಆಗಿ ಹಾಕಿದ್ದಾರೆ. ಆನ್ಸರಿಂಗ್ ಮಷೀನಿನಲ್ಲಿ ಬಂದದ್ದು ಬಂದ ಹಾಗೇ. ಕಿವಿಗೆ ಬಿದ್ದದ್ದನ್ನು ಸಿಂಗರಿಸದೆ ಮುಂದೆ ಇಡುವುದು ಇವರ ರೀತಿ. ತಮಗೆ ಬಂದ ಬೆದರಿಕೆಗೂ ಅದನ್ನೇ ಮಾಡಿದರು, ವಾರ್ಡಿನಿಂದ ಬಂದ ಪತ್ರಕ್ಕೂ ಅದನ್ನೇ ಮಾಡಿದರು. ಅದರಿಂದ ಆ ಹೆಂಗಸಿನ ಒಪ್ಪಿಗೆಯ ಪ್ರಶ್ನೆ ಬಗೆಹರಿಯಿತು ಅಂತಲ್ಲ. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ.

---

ಬಿಳಿ ಗದ್ದಲ

ಬೆದರಿಕೆ ಬಂದದ್ದು ಅವರಿಗೇ, ಹಾಕಿಕೊಳ್ಳಲಿ. ಪತ್ರದಲ್ಲಿದ್ದ ನೋವು ಅವರದಲ್ಲ. ವ್ಯತ್ಯಾಸ ಇಷ್ಟೇ, ನನಗೆ ಅದು ದೊಡ್ಡದು.

---

ನಡುರಾತ್ರಿ ಕೇಳುಗ

ಇಷ್ಟು ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ರಾತ್ರಿಪಾಳಿ ಅವರು ಬರೆದದ್ದನ್ನು ಎರಡು ಸಲ ಓದಿದೆ. ವರದಿ ಓದುವ ಹಾಗೆ ಅಂತ ನಾನು ಬರೆದಿದ್ದೆ, ಅದು ನಿಜವಾಗಲೂ ವರದಿಯ ದನಿಯೇ ಅಂತ ಗೊತ್ತಾದ ಮೇಲೆ ಹಾಡು ಇನ್ನೂ ಭಾರ ಆಯಿತು.

ಬಿಳಿ ಗದ್ದಲ ಅವರ ಕೋಪವೂ ಅರ್ಥವಾಗುತ್ತದೆ. ಆದರೆ ಇಷ್ಟವಾಗುವುದಕ್ಕೂ ಮಜಾ ತೆಗೆದುಕೊಳ್ಳುವುದಕ್ಕೂ ನಡುವೆ ಏನೋ ಇದೆ ಅಂತ ನನಗೆ ಅನಿಸುತ್ತದೆ, ಸರಿಯಾಗಿ ಹೇಳಲು ಬರುತ್ತಿಲ್ಲ. ಹಾಡು ಕೇಳುವವರೆಗೆ ನಾನು ಸುಟ್ಟಗಾಯದ ವಾರ್ಡಿನ ಬಗ್ಗೆ ಒಂದು ನಿಮಿಷವೂ ಯೋಚಿಸಿದವನಲ್ಲ.

ಎರಡು ಸಣ್ಣ ಪ್ರಶ್ನೆ. ಸ್ಪೀಕರಿನಲ್ಲಿ ಹಾಕಿದಾಗ ಅರ್ಧ ಹೆದರಿಕೆಯೂ ಆಗಲಿಲ್ಲ, ಯಾಕೆ? ಮತ್ತೆ, ಆಲ್ಬಮ್ಮಿನ ಉಳಿದ ಹಾಡುಗಳೂ ಹೀಗೇನಾ? ಹೀಗೇ ಇದ್ದರೆ ಸದ್ಯಕ್ಕೆ ಬೇಡ.

---

ತಂತಿ ಬೆಸುಗೆ

ಹೆಡ್‌ಫೋನ್‌ನಲ್ಲಿ ದನಿ ತಲೆಯ ಒಳಗೇ ಕೂತ ಹಾಗೆ ಕೇಳಿಸುತ್ತದೆ. ಸ್ಪೀಕರಿನಲ್ಲಿ ಅದು ಕೋಣೆಯ ಒಂದು ಮೂಲೆಯಲ್ಲಿ ಇರುತ್ತದೆ, ಗೋಡೆಗೆ ಬಡಿದು ಬರುವ ಪ್ರತಿಧ್ವನಿ ಸೇರಿ ಆ ನಡುಕದ ಅಂಚೂ ಸ್ವಲ್ಪ ಮೊಂಡಾಗುತ್ತದೆ. ಚಿಕ್ಕ ಸ್ಪೀಕರ್ ಆದರೆ ಕೆಳಗಿನ ಬಡಿತ ಪೂರ್ತಿ ಕಾಣೆ. ಲ್ಯಾಪ್‌ಟಾಪಿನಲ್ಲಿ ಕೇಳಿದರೆ ಸುಮ್ನೆ ಬಂದೆ ಅವರು ಹೇಳಿದ ಫ್ರಿಜ್ಜೇ ಗತಿ.

ಒಂದು ಮಾತು. ಇಂಥ ಸದ್ದನ್ನು ಜೋರಾಗಿ ಕೇಳಬೇಡಿ, ಒಂದೇ ಸಮ ಗೀರುವ ಸದ್ದಿನಲ್ಲಿ ಎಷ್ಟು ಜೋರಿದೆ ಅಂತ ಕಿವಿಗೆ ಗೊತ್ತೇ ಆಗುವುದಿಲ್ಲ. ತಲೆಯಿಂದ ಹೋಗುತ್ತಿಲ್ಲ, ನಿದ್ದೆಗೆ ತೊಂದರೆ ಅನಿಸಿದರೆ ಸ್ವಲ್ಪ ದಿನ ದೂರ ಇಡಿ. ಇದರಲ್ಲಿ ಯಾರ ಹತ್ತಿರ ಪಂದ್ಯ ಗೆಲ್ಲುವುದೂ ಇಲ್ಲ.

---

ಹಳೇ ಕ್ಯಾಸೆಟ್

ಆಲ್ಬಮ್ ಪೂರ್ತಿ ಹೀಗಿಲ್ಲ. ಅದರಲ್ಲಿ ಎಬಿ/7ಎ ಅಂತ ಕ್ರಿಸ್ ಕಾರ್ಟರ್ ಒಬ್ಬರೇ ಮಾಡಿದ ಟ್ರ್ಯಾಕ್ ಇದೆ. ಅವರು ಅಬ್ಬಾ ಅಭಿಮಾನಿ, ಹೌದು, ಅದೇ ಸ್ವೀಡನ್ನಿನ ಪಾಪ್ ಬ್ಯಾಂಡ್ ಅಬ್ಬಾ. ಕೇಳಿದರೆ ಅದೇ ಆಲ್ಬಮ್ ಅಂತ ನಂಬಲು ಆಗುವುದಿಲ್ಲ, ಚೊಕ್ಕವಾದ ಸಿಂಥ್ ಸಂಗೀತ.

ಮುಂದಿನ ವರ್ಷ, 1979ರಲ್ಲಿ, 20 ಜ್ಯಾಝ್ ಫಂಕ್ ಗ್ರೇಟ್ಸ್ ಬಂತು. ಮುಖಪುಟದಲ್ಲಿ ನಾಲ್ಕೂ ಜನ ಹೂವಿನ ಹುಲ್ಲುಗಾವಲಿನಲ್ಲಿ ನಗುತ್ತಾ ನಿಂತಿದ್ದಾರೆ, ಸಂಸಾರದ ಫೋಟೋ ಥರ. ಆ ಜಾಗ ಬೀಚಿ ಹೆಡ್, ಜನ ಆತ್ಮಹತ್ಯೆಗೆ ಹೋಗುವ ಕಡಲ ಬಂಡೆ ಅಂತ ಇಂಗ್ಲೆಂಡಿನಲ್ಲಿ ಕುಖ್ಯಾತಿ ಪಡೆದದ್ದು. ಹೆಸರು ನೋಡಿ ಜ್ಯಾಝ್ ಅಂದುಕೊಂಡು ಕೊಂಡವರ ಕಥೆ ದೇವರಿಗೇ ಗೊತ್ತು. ಆದರೆ ಸದ್ದು ಇದಕ್ಕಿಂತ ಹಗುರ, ಅದರಿಂದಲೇ ಶುರು ಮಾಡಿ.

---

ಸುಮ್ನೆ ಬಂದೆ

ಸರಿ, ಇಷ್ಟೆಲ್ಲ ಓದಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೊನೆವರೆಗೂ ಕೇಳಿದೆ. ಬೋರಾಗಲಿಲ್ಲ. ಇಷ್ಟವಾಯಿತಾ ಅಂದರೆ ಇಲ್ಲ. ನನಗೆ ಕಾಡುತ್ತಿರುವುದು ಹಾಡಲ್ಲ, ರಾತ್ರಿಪಾಳಿ ಅವರು ಬರೆದ ಗಾಜ್ ಬಿಡಿಸುವ ವಿಷಯ. ಅದಕ್ಕೆ ಎಫೆಕ್ಟ್ ಪೆಡಲ್ ಏನೂ ಬೇಕಾಗಲಿಲ್ಲ ನೋಡಿ.

---

ರಾತ್ರಿಪಾಳಿ

ಕ್ಷಮಿಸಿ, ಅದಕ್ಕೇ ಬಿಟ್ಟು ಓದಿ ಅಂತ ಮೊದಲೇ ಹೇಳಿದ್ದೆ 🙂 ಅಂದಹಾಗೆ ಈಗ ಅಂಟಿಕೊಳ್ಳದ ಡ್ರೆಸಿಂಗ್‌ಗಳು ಬಂದಿವೆ, ನಮ್ಮ ಕಾಲದಷ್ಟು ಕಷ್ಟ ಇಲ್ಲ. ಡ್ಯೂಟಿಗೆ ಹೊತ್ತಾಯಿತು, ಬರುತ್ತೇನೆ.